ಅಪ್ಪನ ರಕ್ತಕ್ಕಾಗಿ ಮೂರನೇ ಸಲ

ಬೆಳಗ್ಗೆ ಆರು ಗಂಟೆ. ಸಂತೆಬಾಚಹಳ್ಳಿ ಬಳಿಯ ಒಂದು ಕೊಟ್ಟಿಗೆ. ಒಂಬತ್ತು ವರ್ಷದ ಅರ್ಪಿತ ಬಾಗಿಲಿನ ಚಿಲಕ ಹಾಕುತ್ತಾಳೆ, ತೆಗೆಯುತ್ತಾಳೆ, ಮತ್ತೆ ಹಾಕುತ್ತಾಳೆ. ಮೂಲೆಯಲ್ಲಿ ಕೂತ ಸೋಮಮ್ಮ ಪ್ರತಿ ಸಲಕ್ಕೂ ಒಂದು ಹುಣಸೆಬೀಜ ಮಡಿಲಿಗೆ ಹಾಕಿಕೊಳ್ಳುತ್ತಾರೆ. ಹತ್ತು ನಿಮಿಷಕ್ಕೆ ನಲವತ್ತಮೂರು. ಅವರ ಕೆಲಸದ ಬಗ್ಗೆ ಬರೆಯಲು ಜೊತೆಗೆ ಬಂದ ನನ್ನ ಮೊಬೈಲಿನ ಲೆಕ್ಕ ನಲವತ್ತೊಂದು.

"ನೀನು ಹಸುವಿನ ಕರ ನೋಡ್ತಾ ಕೂತಿದ್ದೆ ಬುಡವ್ವ" ಎಂದು ಸೋಮಮ್ಮ ನಗುತ್ತಾರೆ. "ಕೇಳುದ್ರೆ ಯಾರೂ ಹೇಳಲ್ಲ. ಮಗು ಸುಮ್ನೆ ಆಡ್ಕತದೆ ಅಂತಾರೆ. ಅದ್ಕೇ ಕೂತು ಎಣಿಸ್ತೀನಿ."

ಆಟಿಸಂ ಇರುವ ಮಕ್ಕಳು ಒಂದನ್ನೇ ಮತ್ತೆ ಮತ್ತೆ ಮಾಡುವುದಕ್ಕೂ ಅವರ ವಂಶವಾಹಿಗೂ, ಅಂದರೆ ಜೀನಿಗೂ, ಏನು ನಂಟು? ಅದನ್ನು ಹುಡುಕುವ ಅಧ್ಯಯನವೊಂದಕ್ಕೆ ಸೋಮಮ್ಮ ಮನೆಮನೆ ಅಲೆದು ರಕ್ತ ತರುತ್ತಾರೆ. ಕೆ.ಆರ್. ಪೇಟೆಯ ಲ್ಯಾಬಿನಲ್ಲಿ ಹದಿನೆಂಟು ವರ್ಷ ಪಳಗಿದ ಕೈ. ಎರಡು ವರ್ಷದಲ್ಲಿ ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣವೂ ಸೇರಿ ಅರವತ್ತೊಂದು ಮನೆ. ಮಗು, ಅಮ್ಮ, ಅಪ್ಪ, ಮೂರೂ ಟ್ಯೂಬು ಬೇಕು. ಹತ್ತೊಂಬತ್ತು ಮನೆಗಳಲ್ಲಿ ಅಪ್ಪಂದಿರು ಕೈ ಚಾಚಲೇ ಇಲ್ಲ.

ಈ ಮನೆಗೆ ಇದು ಮೂರನೇ ಸಲ. ಅರ್ಪಿತ ಮತ್ತು ಅವಳಮ್ಮ ರಂಜಿತ ಹೋದ ತಿಂಗಳೇ ರಕ್ತ ಕೊಟ್ಟಾಗಿದೆ. 'ನಿನ್ನಿಂದಲೇ ಬಂದದ್ದು' ಎಂಬ ಮಾತನ್ನು ರಂಜಿತ ವರ್ಷಗಳಿಂದ ಕೇಳುತ್ತಿದ್ದಾರೆ. ಅದು ನಿಜವೋ ಸುಳ್ಳೋ ಅವರಿಗೆ ತಿಳಿಯಬೇಕು. ಆದರೆ ಅತ್ತೆ ದ್ಯಾವಮ್ಮ ಮಗ ರಕ್ತ ಕೊಡಲು ಬಿಡುತ್ತಿಲ್ಲ.

"ನಮ್ ವಂಶ್ದಲ್ಲಿಲ್ಲ ಕಣಮ್ಮಿ. ಇವಳ ಕಡೆಯಿಂದ ಬಂದಿರೋದು. ನನ್ ಮಗನ್ ರಕ್ತ ಯಾಕೆ?"

ಸೋಮಮ್ಮ ಸೂಜಿಯ ಪೊಟ್ಟಣ ಬಿಚ್ಚದೆ ಕೇಳುತ್ತಾರೆ. "ಸೊಸೆ ಯಾರ್ ಮಗ್ಳವ್ವ?"

"ನನ್ ದೊಡ್ಡ ಮಗ್ಳ ಮಗ್ಳು. ಸೋದರಮಾವನ್ಗೇ ಕಟ್ಟಿದ್ವಿ. ಊರ್ಗೇ ಗೊತ್ತು."

"ಅಂಗಾರೆ ಅವಳ ಕಡೆ ಅಂದ್ರೆ ಯಾವ್ ಕಡೆ?"

ಅರ್ಪಿತಳ ಅಪ್ಪ ನಾಗರಾಜು ಹಾಲಿನ ಕ್ಯಾನು ಕೆಳಗಿಟ್ಟು ಅಂಗಿಯ ತೋಳು ಮಡಿಸಿ ಕೈ ಚಾಚುತ್ತಾರೆ. "ಇಬ್ರೂ ನಿನ್ ರಕ್ತವೇ ಕಣವ್ವ. ಸುಮ್ಕಿರು."

ದ್ಯಾವಮ್ಮನ ಮುಖ ಬಾಡುತ್ತದೆ. ಟ್ಯೂಬು ತುಂಬಿದ ಮೇಲೆ ಸೋಮಮ್ಮ ಅವರ ಪಕ್ಕದಲ್ಲೇ ಕೂರುತ್ತಾರೆ. "ನಿಮ್ ತಪ್ಪು ಅಂತಲೂ ಅಲ್ಲ. ಅಪ್ಪ ಅಮ್ಮ ಇಬ್ರಲ್ಲೂ ಇಲ್ದೆ ಮಗೀನಲ್ಲೇ ಹೊಸ್ದಾಗೂ ಆಗಿರ್ತದೆ. ಮೂರ್ನೂ ಪಕ್ಕಪಕ್ಕ ಇಟ್ಟು ನೋಡ್ಬೇಕು. ಎಷ್ಟೋ ಜನಕ್ಕೆ ಏನೂ ಸಿಕ್ಕಲ್ಲ, ಅದ್ನೂ ಈಗ್ಲೇ ಹೇಳ್ಬುಡ್ತೀನಿ."

ವರದಿ ಬರಲು ವರ್ಷವಾದರೂ ಬೇಕು. ಬಂದರೆ ಅಂಚೆಯಲ್ಲಿ ಬರುತ್ತದೆ. ಸೋಮಮ್ಮನಿಗೆ ಅದೊಂದು ಇಷ್ಟವಿಲ್ಲ.

"ನನ್ ಕೈಲೇ ಕಳ್ಸಲಿ. ರಂಜಿತಂಗೆ ಓದಕ್ ಬತ್ತದೆ. ಆದ್ರೂ ಓದೋವಾಗ ಪಕ್ಕದಲ್ಲಿ ಒಬ್ರು ಕೂತಿರ್ಬೇಕು."