ಪೇಂಟರ್ ಕಜೆತಾನನ ತೋಳಮನುಷ್ಯರು

ದುಬೈಯ ರಾಸ್ ಅಲ್ ಖೋರ್‌ನ ಗ್ಯಾರೇಜುಗಳ ಸಾಲಿನಲ್ಲಿ ಪೇಂಟರ್ ಕಜೆತಾನ್ ಎಂದರೆ ಗೊತ್ತಿಲ್ಲದವರು ಕಡಿಮೆ. ಗುದ್ದಿಸಿಕೊಂಡು ಬಂದ ಕಾರಿಗೆ ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಹೊಡೆದು ಕಳಿಸಿದರೆ ಹಾಳಾದ ಜಾಗ ಯಾವುದೆಂದು ಮಾಲೀಕನೇ ಹುಡುಕಬೇಕು. ಉಡುಪಿಯ ಶಿರ್ವದ ಕಡೆಯವನು. ಐವತ್ತು ದಾಟಿದ ಮೇಲೂ ತಲೆತುಂಬ ಕೂದಲು, ಉಗುರಿನ ಸಂದಿಯಲ್ಲಿ ಯಾವತ್ತೂ ಯಾರದೋ ಕಾರಿನ ಬಣ್ಣ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವನಿಗೆ ಒಂದೇ ಕೆಲಸ. ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟು ತೋಳಮನುಷ್ಯನ ಪಿಚ್ಚರ್ ನೋಡುವುದು. ಸ್ಪೇನು, ಇಟಲಿಯಲ್ಲಿ ಎಪ್ಪತ್ತರ ದಶಕದಲ್ಲಿ ಚಿಲ್ಲರೆ ದುಡ್ಡಿನಲ್ಲಿ ತೆಗೆದವು. ಊರಿಗೆ ಹೋಗುವಾಗ ತಗಡು ಬಡಿದು ಗುದ್ದು ತೆಗೆಯುವ ಒಬ್ಬ ಫಿಲಿಪ್ಪೀನಿ ಡೆಂಟರ್ ರೂಮಿನಲ್ಲಿ ಬಿಟ್ಟುಹೋದ ಡಿವಿಡಿಗಳಿಂದ ಹತ್ತಿದ ಹುಚ್ಚು. ಅವುಗಳಲ್ಲಿ ಅದೇ ಪಾಳುಬಿದ್ದ ಮಠ, ಅದೇ ಹೊಗೆ. ತುಟಿ ಒಂದು ಹೇಳಿದರೆ ಮಾತು ಇನ್ನೊಂದು ಕೇಳುತ್ತದೆ.

ಪಕ್ಕದ ಮಂಚದವನು ಬಾವ ಎಂಬ ಹೆಸರಿನ ಉಳ್ಳಾಲದ ಬ್ಯಾರಿ ಮುಸ್ಲಿಮ, ಕಜೆತಾನನಿಗಿಂತ ದೊಡ್ಡವನು, ಬೇರೊಂದು ಗ್ಯಾರೇಜಿನ ಮೆಕ್ಯಾನಿಕ್. ಊರಲ್ಲಿ ಕ್ರಿಶ್ಚಿಯನ್ನರನ್ನು ಕರೆಯುವಂತೆ ಇವನನ್ನು ಪೊರ್ಬು ಎಂದೇ ಕರೆಯುತ್ತಿದ್ದ, ಇವನು ಅವನನ್ನು ಗೌರವಕ್ಕೆ ಬಾವಾಕ ಎನ್ನುತ್ತಿದ್ದ. ಬಾವ ಪಿಚ್ಚರ್ ನೋಡುವುದಿಲ್ಲ ಎನ್ನುತ್ತಲೇ ಪ್ರತಿ ಭಾನುವಾರ ಪೂರ್ತಿ ನೋಡುತ್ತಿದ್ದ.

"ಎಂತ ಮಾರಾಯ ಪೊರ್ಬು, ಇದು ರಾತ್ರಿಯಾ? ನೆರಳು ನೋಡು, ಮಟಮಟ ಮಧ್ಯಾಹ್ನ. ಕ್ಯಾಮೆರಾಕ್ಕೆ ನೀಲಿ ಕನ್ನಡಕ ಹಾಕಿದ್ದಾರೆ ಅಷ್ಟೆ."

"ನೋಡುದಾದ್ರೆ ನೋಡಿ ಬಾವಾಕ, ಇಲ್ಲದಿದ್ರೆ ಮಲಗಿ."

"ಮೈಯೆಲ್ಲ ಕೂದಲು ಬಂತು, ಪ್ಯಾಂಟಿನ ಇಸ್ತ್ರಿ ಮಾತ್ರ ಹೋಗ್ಲಿಲ್ಲ! ನಿನ್ನ ತೋಳದ ಧೋಬಿ ಯಾರು ಕೇಳು, ನಾನೂ ಬಟ್ಟೆ ಕೊಡ್ತೇನೆ."

ಕಜೆತಾನನೂ ನಗುತ್ತಿದ್ದ. ಆ ಮುಖಕ್ಕೆ ಯಾಕ್ ಮೃಗದ ಕೂದಲನ್ನು ಅಂಟಿಸಿದ ಅಂಚು ಅವನಿಗೂ ಕಾಣುತ್ತಿತ್ತು. ಆದರೆ ಬದಲಾಗುವ ಮೊದಲಿನ ಜಾಗ ಬಂದಾಗ ಮಾತ್ರ ನಗುತ್ತಿರಲಿಲ್ಲ. ಅಲ್ಲಿ ಆ ಮನುಷ್ಯ ಅಂಗಿ ಬಿಚ್ಚಿ ಎದೆಯ ಮೇಲೆ ಮೂಡಿದ ಗುರುತನ್ನು ಕನ್ನಡಿಯಲ್ಲಿ ನೋಡಿಕೊಳ್ಳುತ್ತಾನೆ. ಆಮೇಲೆ ಗೆಳೆಯನ ಕಾಲು ಹಿಡಿಯುತ್ತಾನೆ, ನನ್ನನ್ನು ಕಟ್ಟಿಹಾಕಿ, ಸಂಕಲೆ ಹಾಕಿ ಎಂದು.

"ಅದರಲ್ಲಿ ಎಂತ ಉಂಟು ನಿನಗೆ?" ಎಂದು ಬಾವ ಒಮ್ಮೆ ನಿಜವಾಗಿಯೇ ಕೇಳಿದ್ದ.

"ರಕ್ತ ಕುಡಿಯುವ ದೊರೆಗಳ ಪಿಚ್ಚರ್ ಉಂಟಲ್ಲ, ಅವರಿಗೆ ಅದು ಶೋಕಿ. ಬೇಕೂಂತ ಕುಡೀತಾರೆ. ಇವನು ಪಾಪ, ದಾರಿಯಲ್ಲಿ ಹೋಗ್ತಾ ಇದ್ದವನು. ಎಂತದ್ದೋ ಬಂದು ಕಚ್ಚಿತು. ಮತ್ತೆ ಇವನು ಎಷ್ಟು ಒಳ್ಳೆಯವನಾದ್ರೂ ಲೆಕ್ಕಕ್ಕಿಲ್ಲ."

ಕಜೆತಾನನ ಎದೆಯಲ್ಲೂ ಒಂದು ಗುರುತಿತ್ತು. ದುಬೈಗೆ ಬಂದ ಮೇಲೆ ಒಮ್ಮೆ ಕ್ಷಯ ಹಿಡಿದಿತ್ತು. ಹತ್ತು ಜನ ಮಲಗುವ ರೂಮು, ಮುಖವಸ್ತ್ರವಿಲ್ಲದೆ ಬಣ್ಣದ ಹೊಗೆ, ಹಿಡಿಯದೆ ಇರುತ್ತದೆಯೇ? ಸದ್ದಿಲ್ಲದೆ ಮಾತ್ರೆ ನುಂಗಿ ವಾಸಿಮಾಡಿಕೊಂಡ. ಶ್ವಾಸಕೋಶದಲ್ಲಿ ಕಲೆ ಮಾತ್ರ ಉಳಿಯಿತು. ವೀಸಾ ನವೀಕರಣದ ಮೆಡಿಕಲ್‌ನಲ್ಲಿ ಆ ಕಲೆ ಕಂಡಾಗ ಕಫ ಪರೀಕ್ಷೆ ಮಾಡಿ, ಏನೂ ಇಲ್ಲವೆಂದು ಬಿಟ್ಟಿದ್ದರು. ಇನ್ನು ಹೆದರಿಕೆಯಿಲ್ಲ ಎಂದುಕೊಂಡ. ಅಲ್ಲೇ ಎಡವಿದ್ದು.

ಸೆಪ್ಟೆಂಬರಿನಲ್ಲಿ ಮೇರಿ ಮಾತೆಯ ಮೊಂತಿ ಹಬ್ಬಕ್ಕೆ ಊರಿನ ಇಗರ್ಜಿಯಲ್ಲಿ ಹೊಸ ತೆನೆ ಮಂತ್ರಿಸಿ ಕೊಡುತ್ತಾರೆ. ಮನೆಮಂದಿಯೆಲ್ಲ ಒಂದೇ ಸಾಲಿನಲ್ಲಿ ಬಾಳೆಲೆಗೆ ಕೂತು ಹೊಸ ಅಕ್ಕಿಯ ಊಟ ಮಾಡಬೇಕು. ಕಜೆತಾನನಿಗೆ ಆ ತೆನೆಯ ನಾಲ್ಕು ಕಾಳು ಯಾರದೋ ಪೆಟ್ಟಿಗೆಯಲ್ಲಿ ಬರುತ್ತಿತ್ತು. ಅದನ್ನು ಪುಡಿಮಾಡಿ ಡಬ್ಬಿ ಹಾಲಿಗೆ ಹಾಕಿ, ಬಾವನಿಗೂ ಒಂದು ಗುಟುಕು ಕೊಟ್ಟು, ಅದನ್ನೇ ಹಬ್ಬ ಎನ್ನುತ್ತಿದ್ದ. ಈ ಸಲ ಸಾಲಿನಲ್ಲಿ ಕೂರಲೇಬೇಕು ಎನಿಸಿತು. ಗ್ಯಾರೇಜಿನವನು ರಜೆ ಮಾಫಿ, ಇಲ್ಲವೇ ಇಲ್ಲ ಎಂದ. "ಹಾಗಾದ್ರೆ ಖಲಾಸ್, ಕ್ಯಾನ್ಸಲ್ ಮಾಡಿ" ಎಂದು ಇವನು ವೀಸಾವನ್ನೇ ರದ್ದು ಮಾಡಿಸಿದ. ಬಾವ ತನ್ನ ಗ್ಯಾರೇಜಿನಲ್ಲಿ ಮಾತಾಡಿ ಹೊಸ ವೀಸಾ ಮಾಡಿಸುವುದೆಂದಾಗಿತ್ತು. ಊರಿಗೆ ಹೋದ, ಹೆಂಡತಿ ಡೆಲ್ಫಿನ್ ಮತ್ತು ನರ್ಸಿಂಗ್ ಓದುತ್ತಿದ್ದ ಮಗಳ ನಡುವೆ ಕೂತು ಉಂಡ, ಹೊಸ ವೀಸಾದಲ್ಲಿ ವಾಪಸು ಬಂದ.

ಮೆಡಿಕಲ್ ಸೆಂಟರಿನಲ್ಲಿ ಅಂಗಿ ಬಿಚ್ಚಿಸಿದರು. ಎದೆಯನ್ನು ತಣ್ಣಗಿನ ಹಲಗೆಗೆ ಒತ್ತಿಸಿ ಉಸಿರು ಹಿಡಿಯಲು ಹೇಳಿದರು. ಕಲೆ ಕಂಡಿತು. ಮತ್ತೆ ಕರೆದು ಕಫ ತೆಗೆದುಕೊಂಡರು. ಬಾವನ ಗ್ಯಾರೇಜಿನ ವೀಸಾ ಕೆಲಸ ನೋಡುವ ಹುಡುಗ ನೌಶಾದ್ ಫಲಿತಾಂಶ ಹಿಡಿದು ರೂಮಿಗೇ ಬಂದ.

"ಅಂಕಲ್, ಅನ್‌ಫಿಟ್ ಅಂತ ಬಂದಿದೆ."

"ಕಫದಲ್ಲಿ ಎಂತ ಸಿಕ್ಕಿತು?"

"ಕಫ ಕ್ಲೀನ್ ಅಂಕಲ್. ಎಕ್ಸ್‌ರೇಯಲ್ಲಿ ಕಲೆ ಉಂಟಲ್ಲ, ಅದು ಸಾಕಂತೆ."

"ಈ ಕಲೆ ಮೊದಲೂ ಇತ್ತಲ್ಲ ಮಾರಾಯ! ಇವರೇ ನೋಡಿ ಬಿಟ್ಟದ್ದು!"

"ಅದು ರಿನ್ಯೂವಲ್. ಹಳಬರಿಗೆ ಬೇರೆ ರೂಲ್. ನೀವು ಕ್ಯಾನ್ಸಲ್ ಮಾಡಿ ಹೋದ್ರಿ. ಸಿಸ್ಟಮಿಗೆ ನೀವು ನಿನ್ನೆ ಬಂದವರು."

ಬಾವ ಎದ್ದು ನಿಂತ. "ನಿನ್ನೆ ಬಂದವನಾ? ಈ ಕಲೆ ಇವನು ಊರಿಂದ ಕಟ್ಟಿಕೊಂಡು ಬಂದದ್ದಲ್ಲ ನೌಶಾದ್. ಇವರ ಕಾರಿನ ಬಣ್ಣ ಕುಡಿದೇ ಆದದ್ದು. ಹೋಗಿ ಹೇಳು."

"ಯಾರಿಗೆ ಹೇಳ್ಲಿ ಬಾವಾಕ? ಕೌಂಟರಲ್ಲಿ ಕೂತವನಿಗೆ ಪಾಪ ಎಂತ ಗೊತ್ತು?"

ಅದು ನಿಜವಾಗಿತ್ತು. ಧಿಕ್ಕಾರ ಕೂಗುವುದಕ್ಕೂ ಎದುರಿಗೊಂದು ಮುಖ ಬೇಕು. ಇಲ್ಲಿ ಇದ್ದದ್ದು ಒಂದು ಪರದೆ, ಅದರಲ್ಲಿ ಕೆಂಪಕ್ಷರ. ಹಳೆ ಮಾಲೀಕ ರಜೆ ಕೊಡಲಿಲ್ಲ, ಸರಿ. ಕ್ಯಾನ್ಸಲ್ ಎಂದು ಬಾಯಿಬಿಟ್ಟು ಹೇಳಿದವನು ತಾನೇ. ಕಜೆತಾನ್ ಸಿಟ್ಟು ಮಾಡಲು ಯಾರನ್ನೋ ಹುಡುಕಿದ, ಸಿಗಲಿಲ್ಲ.

"ಊರಿಗೆ ಕಳಿಸ್ಲೇಬೇಕಂತೆ, ಟಿಕೆಟ್ ಕಂಪನಿಯೇ ಮಾಡ್ತದೆ. ಬುಧವಾರ ಬೆಳಿಗ್ಗೆ ಬರ್ತೇನೆ ಅಂಕಲ್," ಎಂದು ಪಾಸ್‌ಪೋರ್ಟನ್ನು ಕಿಸೆಗೆ ಹಾಕಿಕೊಂಡು ನೌಶಾದ್ ಹೋದ.

ಎದುರಿನ ಗ್ಯಾರೇಜಿನಲ್ಲಿ ಯಾರೋ ತಗಡು ಬಡಿಯುತ್ತಿದ್ದರು. ಬಾವನಿಗೆ ಸಮಾಧಾನ ಹೇಳಲು ಬರುತ್ತಿರಲಿಲ್ಲ, ಬರುತ್ತಿದ್ದದ್ದು ತಮಾಷೆ ಒಂದೇ.

"ನಿನ್ನ ತೋಳ ಯಾವ ಪಿಚ್ಚರಲ್ಲಾದ್ರೂ ಬದುಕಿ ಉಳಿದದ್ದುಂಟಾ ಪೊರ್ಬು?"

"ಇಲ್ಲ. ಬೆಳ್ಳಿ ಹಾಕಿ ಕೊಲ್ತಾರೆ."

"ಮತ್ತೆ ಮುಂದಿನ ಪಿಚ್ಚರಲ್ಲಿ ಅವನೇ ಬರ್ತಾನಲ್ಲ?"

"ಬರ್ತಾನೆ. ಯಾರೋ ಹೆಣದಿಂದ ಬೆಳ್ಳಿ ಕಿತ್ತು ತೆಗೀತಾರೆ, ಎದ್ದು ಕೂರ್ತಾನೆ. ಕಡಿಮೆ ದುಡ್ಡಿನ ಪಿಚ್ಚರಲ್ವಾ, ಹೊಸ ನಟನನ್ನು ಎಲ್ಲಿಂದ ತರುದು?"

"ನೀನೂ ಹಾಗೇ ಬಾ. ಬೇರೆ ಕಂಪನಿ, ಬೇರೆ ವೀಸಾ."

"ನನ್ನ ಹತ್ತು ಬೆರಳು, ಎರಡು ಕಣ್ಣು ಎಲ್ಲ ಅವರ ಮೆಶಿನ್‌ನಲ್ಲಿ ಉಂಟು ಬಾವಾಕ. ಎಲ್ಲಿಂದ ಬಂದ್ರೂ ಇದೇ ಎದೆ ತೋರಿಸ್ಬೇಕು."

ಬಾವ ಕಜೆತಾನನ ಮಂಚದಡಿಯ ಪೆಟ್ಟಿಗೆಯನ್ನು ಹೊರಗೆಳೆದ.

ಡೆಲ್ಫಿನ್‌ಳ ಫೋನ್ ಬಂತು. ಎತ್ತದೆ ಬಿಡಬಹುದಿತ್ತು, ಕೈ ತಾನೇ ಹೋಯಿತು.

"ಮೆಡಿಕಲ್ ಆಯ್ತಾ?"

"ಆಯ್ತು."

"ದೇವರು ದೊಡ್ಡವನು. ಹಾಗಾದ್ರೆ ಮಗಳ ಹಾಸ್ಟೆಲಿನವರಿಗೆ ಮುಂದಿನ ವರ್ಷಕ್ಕೂ ಉಂಟೂಂತ ಹೇಳಿಬಿಡ್ಲಾ?"

ಕಜೆತಾನ್ ಫೋನನ್ನು ಬಾವನ ಕಡೆಗೆ ಚಾಚಿದ. ಬಾವ ತೆಗೆದುಕೊಂಡ, ಕಿವಿಗಿಟ್ಟ. ಇಡೀ ಭಾನುವಾರ ಬಾಯಿಗೆ ಬೀಗವಿಲ್ಲದ ಮನುಷ್ಯ ಗೋಡೆಗೆ ಮುಖ ಮಾಡಿ ನಿಂತುಬಿಟ್ಟ.

"ಹಲೋ? ಕೇಳ್ತದಾ? ಹೇಳಿಬಿಡ್ಲಾ?" ಎಂದು ಡೆಲ್ಫಿನ್ ಕೇಳುತ್ತಲೇ ಇದ್ದಳು.