ಸಿದ್ದಲಕ್ಷ್ಮಮ್ಮನ ಹದಿಮೂರು ದಿನದ ರಜೆ

ಟಕ್. ಟಕ್. ಬಲಗಾಲಿನ ಪೆಡಲು ಕೆಳಗಿಳಿದಾಗಲೆಲ್ಲ ಒಂದು ಸಲ. ಮದ್ದೂರು ಬಿಟ್ಟಾಗಿನಿಂದ ಆ ಸದ್ದು ಜೊತೆಗೇ ಬರುತ್ತಿತ್ತು. ಹುಲಿಯೂರುದುರ್ಗದ ಏರಿನಲ್ಲಿ ಜೋರಾಯಿತು, ಇಳಿಜಾರಿನಲ್ಲಿ ಸುಮ್ಮನಾಯಿತು.

"ಲಕ್ಷ್ಮಕ್ಕ, ಬೇರಿಂಗ್ ಹೋಗಿರ್ಬೇಕು. ಕುಣಿಗಲ್‌ನಲ್ಲಿ ತೋರ್ಸೋಣ," ಎಂದಳು ಹಿಂದಿನಿಂದ ಪಲ್ಲವಿ.

"ಹೋದ್ರೆ ಹೋಗ್ಲಿ ಬುಡು. ನನ್ ಮಂಡಿನೂ ಹಿಂಗೇ ಸದ್ದು ಮಾಡ್ತದೆ. ಅದನ್ನ ತೋರ್ಸಿದೀನಾ?"

ಸಿದ್ದಲಕ್ಷ್ಮಮ್ಮನಿಗೆ ನಲವತ್ತೊಂಬತ್ತು. ಇಪ್ಪತ್ತೊಂದು ವರ್ಷದಿಂದ ಗುಬ್ಬಿಯ ಸುತ್ತಲ ಹಳ್ಳಿಗಳಿಗೆ ಸೈಕಲ್ಲಿನಲ್ಲಿ ಅಂಚೆ ಹಂಚುತ್ತಿದ್ದಾಳೆ. ಅಷ್ಟೂ ವರ್ಷ ಅವಳು ಪೆಡಲು ತುಳಿದದ್ದೆಲ್ಲ ಇನ್ನೊಬ್ಬರ ಬಾಗಿಲಿಗೆ. ತುಮಕೂರಿನ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವ ಪಲ್ಲವಿ, ಭಾನುವಾರ ಬಂದರೆ ಗೇರ್ ಸೈಕಲ್ ಹತ್ತಿ ಎತ್ತಲಾದರೂ ಹೋಗುವ ಹುಡುಗಿ, ಒಂದು ದಿನ ಕೇಳಿದ್ದಳು: "ಸಮುದ್ರ ನೋಡಿದೀರಾ ಅಕ್ಕ?" ಇಲ್ಲ ಎನ್ನಲು ನಾಚಿಕೆಯಾಗಿತ್ತು. ಹದಿಮೂರು ದಿನದ ರಜೆ ಅರ್ಜಿಯಲ್ಲಿ, ಕಾರಣ ಎಂದಿರುವ ಕಡೆ 'ಸಮುದ್ರ ನೋಡಲು' ಎಂದೇ ಬರೆದುಕೊಟ್ಟಳು. ಪೋಸ್ಟ್ ಮಾಸ್ಟರು ಕನ್ನಡಕ ತೆಗೆದು ಅವಳ ಮುಖ ನೋಡಿದ್ದರು.

ನೋಡಿಯೂ ಬಂದಳು. ಮೈಸೂರು ದಾಟಿ, ಘಟ್ಟ ಇಳಿದು, ಕಣ್ಣೂರಿನ ದಡದಲ್ಲಿ ನಿಂತಾಗ ಅಲೆಯೊಂದು ಬಂದು ಪಾದದಡಿಯ ಮರಳನ್ನು ಎಳೆದುಕೊಂಡು ಹೋಯಿತು. ಬಿದ್ದೇಬಿಟ್ಟೆ ಎಂದು ಪಲ್ಲವಿಯ ತೋಳು ಹಿಡಿದು ನಕ್ಕಳು. ಆ ನಗುವನ್ನು ಯಾರ ಮನೆಗೂ ತಲುಪಿಸಬೇಕಾಗಿರಲಿಲ್ಲ.

ಈಗ ಕುಣಿಗಲ್ ಇನ್ನೆರಡು ಕಿಲೋಮೀಟರ್ ಇತ್ತು. ರಸ್ತೆಗೆ ಅಡ್ಡಲಾಗಿ ಐದಾರು ಹೆಂಗಸರು ಬಿಂದಿಗೆ ಹಿಡಿದು ನಿಂತಿದ್ದರು. ಇವಳು ಇಳಿಯುವುದಕ್ಕೂ ಬಿಡಲಿಲ್ಲ. ಶೂ ಮೇಲೆಯೇ ನೀರು ಸುರಿದು, ಅರಿಸಿನ ಹಚ್ಚಿ, ಹ್ಯಾಂಡಲ್ಲಿಗೆ ಹೂವು ಸುತ್ತಿದರು. ಎಡೆಯೂರಿನ ದೇವರಿಗೆ ಹರಕೆ ಹೊತ್ತು ನಡೆದು ಹೋಗುವವರ ಕಾಲಿಗೆ ಹೀಗೆ ನೀರು ಹಾಕುವುದನ್ನು ಅವಳು ಚಿಕ್ಕಂದಿನಿಂದ ಕಂಡಿದ್ದಳು. ಆದರೆ ತನಗೇಕೆ?

ಗುಂಪಿನಲ್ಲಿ ಹಿರಿಯಳಾದ ತಿಪ್ಪಮ್ಮ ಸೊಂಟ ಹಿಡಿದುಕೊಂಡು ಬಗ್ಗಿ ಅವಳ ಪಾದ ಮುಟ್ಟಿದಳು. "ಯಜಮಾನ್ರು ಹೆಂಗವ್ರೆ ತಾಯಿ? ಎದೆ ನೋವು ಕಮ್ಮಿ ಆಯ್ತಾ?"

ಸಿದ್ದಲಕ್ಷ್ಮಮ್ಮನ ಎದೆಯೇ ಧಸಕ್ಕೆಂದಿತು. "ಯಾರ ಯಜಮಾನ್ರು?"

"ನಿಮ್ಮೋರೇ ಕಣವ್ವ. ಅಲ್ಲಿ ಹಾಕವ್ರಲ್ಲ."

ಎರಡು ಬೇವಿನ ಮರಗಳ ನಡುವೆ ಫ್ಲೆಕ್ಸ್ ಬಿಗಿದಿತ್ತು. 'ಪತಿಯ ಹೃದಯಕ್ಕಾಗಿ ಏಳುನೂರು ಕಿಲೋಮೀಟರ್ ಹರಕೆ ಯಾತ್ರೆ ಕೈಗೊಂಡ ಗುಬ್ಬಿಯ ಪತಿವ್ರತಾ ಶಿರೋಮಣಿ ಶ್ರೀಮತಿ ಸಿದ್ದಲಕ್ಷ್ಮಮ್ಮ ಪ್ರಭುದೇವ ಅವರಿಗೆ ಸುಸ್ವಾಗತ.' ಅವಳ ಫೋಟೋ ಆಧಾರ್ ಕಾರ್ಡಿನದು. ಪಕ್ಕದಲ್ಲಿ ಅದರ ಎರಡರಷ್ಟು ದೊಡ್ಡದಾಗಿ, ಕೈಮುಗಿದುಕೊಂಡು, ಗಂಡ.

ಪಲ್ಲವಿಗೆ ನಗು ತಡೆಯಲಾಗಲಿಲ್ಲ. ಇವಳ ಮುಖ ನೋಡಿ ನುಂಗಿಕೊಂಡಳು. ಸಿದ್ದಲಕ್ಷ್ಮಮ್ಮ ಮರದ ಹಿಂದೆ ಹೋಗಿ ಫೋನ್ ಹಚ್ಚಿದಳು.

"ಎದೆ ನೋವು ಯಾವಾಗ ಬಂತ್ರೀ ನಿಮಗೆ?"

"ನೋಡಿದ್ಯಾ? ಚೆನ್ನಾಗಿ ಬಂದದಲ್ವಾ?" ಹಾರ್ಡ್‌ವೇರ್ ಅಂಗಡಿಯ ಗಲಾಟೆಯ ನಡುವೆ ಪ್ರಭುದೇವನ ದನಿ ಹಿಗ್ಗಿತ್ತು. "ನಿನ್ ಮೈದ್ನ ಉದಯಕುಮಾರ ಖುದ್ದಾಗಿ ಕೂತ್ಕೊಂಡು ಡಿಸೈನ್ ಮಾಡ್ಸಿದ್ದು."

"ನಾನ್ ಕೇಳಿದ್ದು ಎದೆ ನೋವು."

"ದೀಪಾವಳಿಲಿ ಆಸ್ಪತ್ರೆಗೆ ಹೋಗಿರ್ಲಿಲ್ವೇನೆ?"

"ಅದು ಗ್ಯಾಸು. ಒಂಬತ್ತು ಕಜ್ಜಾಯ ತಿಂದಿದ್ರಿ."

"ಇಸಿಜಿ ಮಾಡಿದ್ರಲ್ಲ!" ಎಂದವನು ದನಿ ಇಳಿಸಿದ. "ದಿನಾ ಅಂಗಡಿಗೆ ಬಂದು ಹೆಂಡ್ತಿ ಎಲ್ಲಿ ಅಂತಾರೆ ಕಣೇ. ಸೈಕಲ್ ಹತ್ಕೊಂಡು ಟೂರ್ ಹೋಗವ್ಳೆ ಅನ್ಲಾ? ಹರಕೆ ಅಂದೆ. ಅನ್ನದೇ ತಡ, ಎಲ್ರೂ ಕೈ ಮುಗಿದ್ರು. ಮರ್ಯಾದೆ ಯಾರಿಗ್ ಬಂತು? ನಿನಗೇ ತಾನೆ?"

"ನನಗಲ್ಲ, ನಿಮ್ ಗ್ಯಾಸಿಗೆ ಬಂತು."

ಫೋನ್ ಇಟ್ಟಳು. ಹದಿಮೂರು ದಿನ. ಇಪ್ಪತ್ತೊಂದು ವರ್ಷದಲ್ಲಿ ಬರೀ ಹದಿಮೂರು ದಿನ ಅವಳದಾಗಿದ್ದವು. ಅವನ್ನೂ ಇವನು ತನ್ನ ಹೆಸರಿಗೆ ಬರೆಸಿಕೊಂಡಿದ್ದ.

ತಿಪ್ಪಮ್ಮ ಖಾಲಿ ಬಿಂದಿಗೆ ಹಿಡಿದು ಕಾದಿದ್ದಳು. "ನನ್ ಮಗ್ಳು ಡಯಾಲಿಸಿಸ್ ಮಾಡಿಸ್ಕೊತವ್ಳೆ ತಾಯಿ. ಮಂಗಳಗೌರಿ ಅಂತ. ನಿಮ್ ಹರಕೆ ಒಳಗೆ ಅವ್ಳ ಹೆಸ್ರೂ ಒಂದ್ಸಲ ಹೇಳ್ಕೊಳಿ."

ಬಾಯಿಗೆ ಬಂದದ್ದು ಬೇರೆ, ಹೊರಗೆ ಬಂದದ್ದು ಬೇರೆ. "ಹೇಳ್ಕೊತೀನವ್ವ," ಎಂದುಬಿಟ್ಟಳು.

ಆ ಸಂಜೆ ಲಾಡ್ಜಿನಲ್ಲಿ ತಟ್ಟೆಯ ಮುಂದೆ ಕೂತವಳು ಉಣ್ಣಲಿಲ್ಲ. "ಹೋಗ್ಲಿ ಬಿಡಿ ಅಕ್ಕ, ಯಾರಿಗೂ ನಷ್ಟ ಆಗ್ಲಿಲ್ಲ," ಎಂದ ಪಲ್ಲವಿಗೆ, "ಆ ಮುದುಕಿ ನನ್ ಕಾಲು ಮುಟ್ಟಿದ್ಲು ಕಣೇ!" ಎಂದು ಗದರಿದಳು.

ಬೆಳಿಗ್ಗೆ ತುಮಕೂರಿನ ರಸ್ತೆ ಹಿಡಿಯಲಿಲ್ಲ. ಬಂದ ದಾರಿಯಲ್ಲೇ ಎರಡು ಕಿಲೋಮೀಟರ್ ಹಿಂದಕ್ಕೆ ಹೋಗಿ ತಿಪ್ಪಮ್ಮನ ಮನೆ ಕೇಳಿ ಹುಡುಕಿದಳು. ಮುದುಕಿ ಕೊಟ್ಟಿಗೆ ಗುಡಿಸುತ್ತಿದ್ದಳು. ಸಿದ್ದಲಕ್ಷ್ಮಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ಹರಕೆಯಿಲ್ಲ, ಎದೆ ನೋವಿಲ್ಲ, ಸಮುದ್ರ ನೋಡಲು ಹೋಗಿದ್ದೆ. ಬೈಸಿಕೊಳ್ಳಲು ತಯಾರಾಗಿ ನಿಂತಳು.

ತಿಪ್ಪಮ್ಮ ಪೊರಕೆ ಕೆಳಗಿಟ್ಟಳು. "ಹಂಗಾರೆ ನಿಮ್ ಯಜಮಾನ್ರು ಗಟ್ಟಿಯಾಗವ್ರಾ? ಒಳ್ಳೇದಾಯ್ತು ಬುಡವ್ವ. ನಾನೂ ರಾತ್ರಿ ದೀಪ ಹಚ್ಚಿ ಮಗ್ಳ ಜೊತೆಗೆ ಅವ್ರಿಗೂ ಅಂತ ಕೇಳ್ಕೊಂಡಿದ್ದೆ."

ಬೈದಿದ್ದರೆ ಸಿಟ್ಟು ಅಲ್ಲೇ ಇಳಿಯುತ್ತಿತ್ತೇನೋ. ಮಗಳ ಹೆಸರಿನ ಜೊತೆಗೆ ತನ್ನ ಗಂಡನ ಒಂಬತ್ತು ಕಜ್ಜಾಯಕ್ಕೂ ದೀಪ ಹಚ್ಚಿದ್ದಳಲ್ಲ ಎಂಬುದು ಹೆಬ್ಬೂರಿನವರೆಗೂ ಅವಳ ಕಾಲಿನಲ್ಲಿ ಉರಿಯಿತು. ಅಷ್ಟು ಜೋರಾಗಿ ತುಳಿದಳು. ಪಲ್ಲವಿ ಅರ್ಧ ಕಿಲೋಮೀಟರ್ ಹಿಂದೆ ಬಿದ್ದಳು. ತುಮಕೂರಿನಲ್ಲಿ ಬೀಳ್ಕೊಡುವಾಗ ಪಲ್ಲವಿ, "ಗುಬ್ಬಿವರ್ಗೂ ನಾನೂ ಬರ್ಲಾ?" ಎಂದಳು. "ಬೇಡ. ನನ್ ಬಾಯಿಂದ ಏನ್ ಬರ್ತದೋ, ನೀನು ಕೇಳೋದು ಬೇಡ," ಎಂದು ಒಬ್ಬಳೇ ಹೊರಟಳು.

ಗುಬ್ಬಿಯಲ್ಲಿ ಅಂಗಡಿಯ ಮುಂದೆ ಶಾಮಿಯಾನ ಎದ್ದಿತ್ತು. ಪ್ಲಾಸ್ಟಿಕ್ ಕುರ್ಚಿಗಳು, ಮೈಕು, ತಟ್ಟೆಯಲ್ಲಿ ಹಾರ. ಮುಂದಿನ ಕುರ್ಚಿಯಲ್ಲಿ ಪ್ರಭುದೇವ ಮಟಮಟ ಮಧ್ಯಾಹ್ನದಲ್ಲಿ ಶಾಲು ಹೊದ್ದು, ಒಂದು ಕೈಯನ್ನು ಎದೆಯ ಮೇಲಿಟ್ಟುಕೊಂಡು ಸೊರಗಿದವನಂತೆ ಕೂತಿದ್ದ. ಅವಳನ್ನು ಕಂಡು ಮೆಲ್ಲಗೆ ಏಳಲು ನೋಡಿದ; ಇಬ್ಬರು ತೋಳು ಹಿಡಿದರು.

ಉದಯಕುಮಾರ ಮೈಕು ಅವಳ ಕೈಗೆ ಕೊಟ್ಟು ಪಿಸುಗುಟ್ಟಿದ: "ಅತ್ಗೆ, ಎರಡೇ ಮಾತು. ಹರಕೆ ತೀರ್ತು ಅಂದ್ರೆ ಸಾಕು."

"ಇವ್ರಿಗೆ ಎದೆ ನೋವು ಬಂದೇ ಇಲ್ಲ," ಎಂದಳು ಸಿದ್ದಲಕ್ಷ್ಮಮ್ಮ. ಮೈಕು ಒಮ್ಮೆ ಕಿರುಚಿತು. "ನಾನು ಯಾವ ಹರಕೆನೂ ಹೊತ್ತಿಲ್ಲ. ರಜಾ ಹಾಕಿ ಸಮುದ್ರ ನೋಡಕ್ಕೆ ಹೋಗಿದ್ದೆ. ನನಗೆ ಆಸೆಯಾಗಿತ್ತು, ಹೋಗಿದ್ದೆ. ಈ ಹಾರ ಬೇಡ."

ಮೈಕು ಉದಯಕುಮಾರನ ಕೈಗೆ ವಾಪಸು ಕೊಟ್ಟು ಸೈಕಲ್ ಹಿಡಿದಳು. ಹೋಟೆಲ್ ರಂಗಯ್ಯ ಎದ್ದು ನಿಂತ. "ಏನ್ಲಾ ಪ್ರಭು, ಸೋಮವಾರ ನಾವು ಮಾಡ್ಸಿದ್ ರುದ್ರಾಭಿಷೇಕ ಯಾರಿಗ್ಲಾ ಹಂಗಾರೆ?" ಹಿಂದಿನ ಸಾಲಿನಲ್ಲಿ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ಶಾಲು ಕುರ್ಚಿಯಲ್ಲೇ ಬಿತ್ತು. ರೋಗಿ ನಾಲ್ಕೇ ಹೆಜ್ಜೆಗೆ ಅವಳ ಸೈಕಲ್ಲಿನ ಬಳಿ ಬಂದಿದ್ದ.

"ಮಾನ ಕಳೆದ್ಯಲ್ಲೇ! ಒಂದ್ ಮಾತು ನನ್ನ ಕೇಳ್ಬಾರ್ದಾಗಿತ್ತಾ?"

"ನೀವು ನನ್ನ ಕೇಳಿದ್ರಾ?"

"ಅದು ಬೇರೆ, ಇದು ಬೇರೆ. ಸ್ವಲ್ಪ ಸಮಾಧಾನವಾಗಿ ಕೇಳು. ಮೊದಲ್ನೇದಾಗಿ..." ಎಂದು ಅವನು ಕಿರುಬೆರಳು ಮಡಿಸಿದ. ಎರಡನೆಯ ಬೆರಳಿಗೆ ಬರುವಷ್ಟರಲ್ಲಿ ಅವಳು ಸೈಕಲ್ ತಳ್ಳಿಕೊಂಡು ಶಾಮಿಯಾನದ ಹಗ್ಗ ದಾಟಿ ಹೋಗಿದ್ದಳು.