ಹೊಸ ಲ್ಯಾಪ್‌ಟಾಪಿನ ಕುಂಯ್

ಹೊಸ ಲ್ಯಾಪ್‌ಟಾಪ್ ಮನೆಗೆ ಬಂದ ದಿನ ಅದಕ್ಕೆ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಕಿಟಕಿಯ ಪಕ್ಕದ ಮೇಜಿನ ಮೇಲೆ ಕೂರಿಸಿದೆ. ಇಷ್ಟು ಮರ್ಯಾದೆ ಸಿಕ್ಕ ಮೇಲೆ ಸುಮ್ಮನಿರುವುದು ಸರಿಯಲ್ಲ ಅನ್ನಿಸಿತೋ ಏನೋ, ಚಾಲೂ ಮಾಡಿದ ಎರಡನೆಯ ನಿಮಿಷಕ್ಕೇ ಅದು ಹಾಡತೊಡಗಿತು. ಹಾಡೆಂದರೆ ರಾಗ, ತಾಳ ಯಾವುದೂ ಇಲ್ಲ. ಸಣ್ಣಗೆ, ತೆಳ್ಳಗೆ, ಸೂಜಿಯಿಂದ ಗಾಜು ಗೀರಿದ ಹಾಗೆ ಕುಂಯ್ ಎಂದು ಎಳೆದ ಒಂದೇ ಸ್ವರ. ಅಂಗಡಿಯವನು ಈ ಯಂತ್ರದ ಗುಣಗಳನ್ನು ಅರ್ಧ ಗಂಟೆ ಹೊಗಳಿದ್ದ. ಇದು ಹಾಡುತ್ತದೆ ಎಂಬುದನ್ನು ಮಾತ್ರ ವಿನಯದಿಂದ ಬಿಟ್ಟುಬಿಟ್ಟಿದ್ದ.

ಬೇರೆಯವರಾಗಿದ್ದರೆ ಸಹಿಸಿಕೊಳ್ಳುತ್ತಿದ್ದರೇನೋ. ನನ್ನ ಕೆಲಸವೇ ಕಿವಿಯದು. ಸಭೆಗಳ ಭಾಷಣ, ಸಂದರ್ಶನ, ಚರ್ಚೆಗಳ ಧ್ವನಿಮುದ್ರಣ ಕೇಳಿ ಅಕ್ಷರಕ್ಕೆ ಅಕ್ಷರ ಟೈಪು ಮಾಡಿಕೊಡುತ್ತೇನೆ. ಧಾರವಾಡದಲ್ಲಿ ಹುಟ್ಟಿ, ಮದುವೆಯಾಗಿ ಗೋವೆಯ ಮಡಗಾಂವಿಗೆ ಬಂದು, ಇಲ್ಲಿ ಕನ್ನಡ ಬಲ್ಲ ಹೆಂಗಸಿಗೆ ಕುಳಿತಲ್ಲೇ ಸಿಗುವ ಕೆಲಸ ಇದೊಂದೇ ಎಂದು ಹಿಡಿದುಕೊಂಡವಳು. ಭಾಷಣಕಾರ ಯಾವ ಮಾತಿನಲ್ಲಿ ತಡವರಿಸಿದ, ಕೆಮ್ಮಿದವರು ವೇದಿಕೆಯವರೋ ಸಭಿಕರೋ, ಎಲ್ಲ ನನಗೆ ಗೊತ್ತಾಗುತ್ತದೆ. ಇಂಥ ಕಿವಿಗೆ ಆ ಕುಂಯ್ ದಿನಕ್ಕೆ ಎಂಟು ತಾಸು ಜೊತೆಗಾರನಾಯಿತು.

ಮೊದಲು ಯಂತ್ರದ ಮೇಲೆ ಅನುಮಾನ ಪಡಲಿಲ್ಲ. ಹೊಸದು ಕೆಟ್ಟಿರುತ್ತದೆ ಎಂದು ಯಾರಾದರೂ ನಂಬುತ್ತಾರೆಯೇ? ಹಳೆಯವೆಲ್ಲ ಅಪರಾಧಿಗಳಾದವು. ಫ್ರಿಜ್ ಬಂದ್ ಮಾಡಿದೆ. ಸೊಳ್ಳೆ ಔಷಧದ ಯಂತ್ರ ಕಿತ್ತೆ. ಫ್ಯಾನ್ ನಿಲ್ಲಿಸಿ ಬೆವರಿದೆ. ಕೊನೆಗೆ ಮನೆಯ ಮೇನ್ ಸ್ವಿಚ್ಚನ್ನೇ ಆರಿಸಿದೆ. ಇಡೀ ಮನೆ ಮೌನವಾಯಿತು. ಬ್ಯಾಟರಿಯ ಮೇಲೆ ನಡೆಯುತ್ತಿದ್ದ ಲ್ಯಾಪ್‌ಟಾಪ್ ಮಾತ್ರ, ಪಕ್ಕವಾದ್ಯದವರ ಕಾಟ ತಪ್ಪಿತು ಎಂಬಂತೆ, ಇನ್ನಷ್ಟು ಸ್ಪಷ್ಟವಾಗಿ ಹಾಡಿತು.

ಭಾನುವಾರ ಬೆಳಿಗ್ಗೆ ಗಂಡನನ್ನು ಕರೆದು ಮೇಜಿನ ಎದುರು ಕೂರಿಸಿದೆ. ಅವರು ವೆರ್ಣಾದ ಒಂದು ಕಾರ್ಖಾನೆಯಲ್ಲಿ ಮಷಿನ್ ವಿಭಾಗದ ಸೂಪರ್‌ವೈಸರ್. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲದಿಂದ ಕಂಪನಿ ಬಸ್ಸಿನಲ್ಲಿ ಹೋಗಿ ಬರುವವರು. ಯಂತ್ರದ ವಿಷಯ ಅವರಿಗೆ ತಿಳಿಯದೆ ಇನ್ಯಾರಿಗೆ?

"ಕೇಳಸಾಕತ್ತೈತೇನ್ರಿ?"

ಅವರು ತಲೆ ವಾಲಿಸಿ, ಕಣ್ಣು ಮುಚ್ಚಿ, ಸಂಗೀತ ವಿದ್ವಾಂಸರಂತೆ ಕೂತರು. "ಏನೂ ಇಲ್ಲಲಾ."

"ಇಷ್ಟು ಚೀರಾಕತ್ತೈತಿ, ಏನೂ ಇಲ್ಲಂತೀರಲ್ರೀ!"

"ನಿನ್ನ ಕಿವಿಯಾಗ ಐತಿ ಅದು. ದಿನಾ ಹೆಡ್‌ಫೋನ್ ಹಾಕ್ಕೊಂಡು ಕುಂದ್ರತಿ. ಡಾಕ್ಟರಿಗೆ ತೋರಸು."

ಅಷ್ಟರಲ್ಲಿ ಕೆಳಗೆ ಬ್ರೆಡ್ಡಿನವನ ಸೈಕಲ್ಲಿನ ಹಾರ್ನು ಪೋಂ ಪೋಂ ಎಂದಿತು. ಅವರು ತಕ್ಷಣ ಎದ್ದು ಚೀಲ ಹಿಡಿದು ಇಳಿದರು. ಎರಡನೇ ಮಹಡಿಗೆ ಬ್ರೆಡ್ಡು ಕೇಳಿಸುತ್ತದೆ, ಒಂದು ಗೇಣು ದೂರದ ಲ್ಯಾಪ್‌ಟಾಪ್ ಕೇಳಿಸುವುದಿಲ್ಲ. ಗಂಡಸರ ಕಿವಿಗೆ ದೇವರು ಎಂಥ ಜರಡಿ ಇಟ್ಟಿದ್ದಾನೆ ಎಂದುಕೊಂಡೆ. ಇದು ಹೊಸ ಅನುಭವವೇನೂ ಅಲ್ಲ. ಹಿಂದಿನ ತಿಂಗಳು ಮಸಾಲೆಗೆ ಚಕ್ಕಿ ತನ್ನಿ ಎಂದರೆ ಅಕ್ಕಿ ಹೊತ್ತು ತಂದಿದ್ದರು. ಆ ಕಥೆಯನ್ನು ಕನ್ನಡ ಸಂಘದ ಊಟದ ಪಂಕ್ತಿಯಲ್ಲಿ ಅಭಿನಯಿಸಿ ತೋರಿಸಿ ಎಲ್ಲರನ್ನೂ ನಗಿಸಿದ್ದೆ. ಅವರೂ ನಕ್ಕಿದ್ದರು.

ನನಗೇ ಹುಚ್ಚು ಹಿಡಿಯುತ್ತಿದೆಯೇ ಎಂದು ನೋಡಲು ಪಕ್ಕದ ಮನೆಯಾಕೆಯನ್ನು ಕರೆದೆ. ಆಕೆ ವಿಜಯಪುರದ ಕಡೆಯವಳು. ಗಂಡ ಸಾವರ್ಡೆಯಲ್ಲಿ ಟ್ರಕ್ ಓಡಿಸುತ್ತಾನೆ, ಈಕೆ ಮನೆಯಲ್ಲಿ ಬ್ಲೌಸು ಹೊಲಿಯುತ್ತಾಳೆ. ಕೊರಳಲ್ಲಿ ಅಳತೆಯ ಟೇಪು ನೇತುಹಾಕಿಕೊಂಡೇ ಬಂದವಳು ಹೊಸ್ತಿಲು ದಾಟುತ್ತಿದ್ದಂತೆ ಕಿವಿ ಮುಚ್ಚಿಕೊಂಡಳು.

"ಯವ್ವಾ, ಏನ್ರೀ ಅಕ್ಕಾರ ಇದು? ಕಿವ್ಯಾಗ ಗುಂಗಾಡು ಹೊಕ್ಕಂಗ ಆಕ್ಕೈತಿ!"

ಆಕೆಯನ್ನು ಅಪ್ಪಿಕೊಳ್ಳಬೇಕೆನಿಸಿತು. ಚಹಾ ಮಾಡಿ ಕೊಟ್ಟೆ.

ಬಲ ಬಂದ ಮೇಲೆ ಕಂಪನಿಯ ಸಹಾಯವಾಣಿಗೆ ಫೋನು ಮಾಡಿದೆ. ಅಲ್ಲಿನ ಹುಡುಗಿ ಬಹಳ ಸಭ್ಯಳು. ಮೊದಲು ಲ್ಯಾಪ್‌ಟಾಪ್ ಆರಿಸಿ ಹಚ್ಚಲು ಹೇಳಿದಳು. ಹಚ್ಚಿದೆ, ಕುಂಯ್. ವಾಲ್ಯೂಮ್ ಸೊನ್ನೆಗೆ ಇಳಿಸಲು ಹೇಳಿದಳು. ಇಳಿಸಿದೆ, ಕುಂಯ್. ಸದ್ದನ್ನು ರೆಕಾರ್ಡು ಮಾಡಿ ಕಳಿಸಿ ಎಂದಳು. ಕಳಿಸಿದೆ. ಮರುದಿನ ಉತ್ತರ ಬಂತು: ನಿಮ್ಮ ರೆಕಾರ್ಡಿಂಗಿನಲ್ಲಿ ಫ್ಯಾನಿನ ಸದ್ದು ಚೆನ್ನಾಗಿ ಕೇಳುತ್ತಿದೆ, ಸಮಸ್ಯೆ ಬಗೆಹರಿದಿದೆ ಎಂದು ಭಾವಿಸುತ್ತೇವೆ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ?

ನಕ್ಷತ್ರ ಕೊಡುವ ಬದಲು ಲ್ಯಾಪ್‌ಟಾಪನ್ನು ಬಗಲಿಗೆ ಹಾಕಿಕೊಂಡು ಸರ್ವಿಸ್ ಸೆಂಟರಿಗೆ ನಡೆದೆ. ಅದು ಬಸ್ ಸ್ಟ್ಯಾಂಡಿನ ಹತ್ತಿರ ಇದೆ. ಹೊರಗೆ ಕಂಡಕ್ಟರುಗಳ ಕೂಗು, ಒಳಗೆ ಗಿರಣಿಯಂತೆ ಗುಡುಗುವ ಏಸಿ. ಸೂಕ್ಷ್ಮ ಸದ್ದಿನ ತಪಾಸಣೆಗೆ ಗೋವೆಯಲ್ಲಿ ಇದಕ್ಕಿಂತ ಪ್ರಶಸ್ತ ಜಾಗ ಇರಲಾರದು. ಅಲ್ಲಿದ್ದ ತಂತ್ರಜ್ಞ ನಲವತ್ತರ ಆಸುಪಾಸಿನವನು, ಕಾರವಾರದವನು. ನನ್ನ ಹಿಂದಿ ಕೇಳಿ ಮರುಕಪಟ್ಟು ಕನ್ನಡಕ್ಕೆ ಬಂದ.

"ಎಲ್ಲಿ ಮೇಡಂ ಸೌಂಡು? ಬರ್ತಾನೇ ಇಲ್ಲ."

"ಏಸಿ ಬಂದ್ ಮಾಡ್ರಿ, ಬರ್ತೈತಿ."

"ಏಸಿ ಬಂದ್ ಮಾಡೋಕೆ ಮ್ಯಾನೇಜರ್ ಪರ್ಮಿಷನ್ ಬೇಕು."

ಮ್ಯಾನೇಜರು ಊಟಕ್ಕೆ ಹೋಗಿದ್ದರು. ಗೋವೆಯಲ್ಲಿ ಮಧ್ಯಾಹ್ನ ಊಟಕ್ಕೆ ಹೋದವರು ನಿದ್ದೆಯನ್ನೂ ಮುಗಿಸಿಕೊಂಡೇ ಬರುತ್ತಾರೆ. ನಾನೂ ಅಲ್ಲೇ ಕುರ್ಚಿ ಹಾಕಿಕೊಂಡು ಕೂತೆ. ಕೂತಿದ್ದು ನೋಡಿ ಆತನಿಗೆ ಏನನ್ನಿಸಿತೋ, ನನ್ನನ್ನು ಒಳಗಿನ ಸ್ಟೋರ್ ರೂಮಿಗೆ ಕರೆದೊಯ್ದು, ಬಾಗಿಲು ಹಾಕಿ, ಲ್ಯಾಪ್‌ಟಾಪಿನ ಬೆನ್ನಿಗೆ ಕಿವಿ ಹಚ್ಚಿದ. ನಿಧಾನಕ್ಕೆ ಅವನ ಮುಖ ಹುಳ್ಳಗಾಯಿತು.

"ಹಾಂ ಮೇಡಂ. ಬರ್ತಾ ಇದೆ."

ಕೇಸು ಗೆದ್ದ ಸಂತೋಷ ನನಗೆ. ಆತ ಬಿಡಿಸಿ ಹೇಳಿದ. ಒಳಗೆ ತಂತಿ ಸುತ್ತಿದ ಸಣ್ಣ ಸಣ್ಣ ಕಾಯಿಲ್‌ಗಳಿರುತ್ತವೆ, ಕರೆಂಟು ಹರಿಯುವಾಗ ಅವು ಅದುರುತ್ತವೆ, ಕೆಲವು ಲ್ಯಾಪ್‌ಟಾಪುಗಳಲ್ಲಿ ಆ ಅದುರು ಹೀಗೆ ಸದ್ದಾಗಿ ಹೊರಬೀಳುತ್ತದೆ. ಅಪಾಯವಿಲ್ಲ. ಬೋರ್ಡು ಬದಲಿಸಿದರೂ ಹೊಸ ಬೋರ್ಡು ಹಾಡುವುದಿಲ್ಲವೆಂಬ ಖಾತ್ರಿ ಇಲ್ಲ. ಇಷ್ಟಾದ ಮೇಲೆ ಕಂಪನಿಯ ಅಧಿಕೃತ ಅಭಿಪ್ರಾಯವನ್ನೂ ತಿಳಿಸಿದ: "ಇದು ನಾರ್ಮಲ್."

ಆದರೂ ಪುಣ್ಯಾತ್ಮ ಕೈಬಿಡಲಿಲ್ಲ. ಪ್ರೊಸೆಸರಿನ ಓಟಕ್ಕೆ ಸ್ವಲ್ಪ ಮೂಗುದಾರ ಹಾಕುವ ಸೆಟ್ಟಿಂಗ್ ಮಾಡಿಕೊಟ್ಟ. ಮುಕ್ಕಾಲು ಪಾಲು ಸದ್ದು ಅಡಗಿತು. ಉಳಿದ ಕಾಲು ಪಾಲಿಗೆ, ಬೇರೆ ಕೀಬೋರ್ಡು ಮತ್ತು ಪರದೆ ಜೋಡಿಸಿಕೊಂಡು ಲ್ಯಾಪ್‌ಟಾಪನ್ನು ಮೇಜಿನಿಂದ ದೂರ ಇಡಿ ಎಂದ. ಜೊತೆಗೆ, ಸ್ವರದ ಎತ್ತರ ಅಳೆಯುವ, ಬೇಕಾದ ಎತ್ತರದ ಸ್ವರ ಹೊರಡಿಸುವ ಒಂದು ಆ್ಯಪನ್ನು ನನ್ನ ಫೋನಿಗೆ ಹಾಕಿಕೊಟ್ಟ. ಅಳೆದು ನೋಡಿದರೆ ನನ್ನ ಕುಂಯ್ ಎಂಟು ಸಾವಿರ ಹರ್ಟ್ಸಿನ ಆಸುಪಾಸಿನಲ್ಲಿತ್ತು; ಅಂಕಿ ಹೆಚ್ಚಿದಷ್ಟೂ ಸ್ವರ ತೆಳ್ಳಗಂತೆ.

ಮನೆಗೆ ಬಂದವಳಿಗೆ ಸುಮ್ಮನಿರಲಾಗಲಿಲ್ಲ. ಗೆದ್ದವಳು ಗೆದ್ದೆನೆಂದು ತೋರಿಸಬೇಕಲ್ಲ. ಸಂಜೆ ಬಸ್ಸಿಳಿದು ಬಂದ ಗಂಡ ಚಹಾದ ಲೋಟ ಹಿಡಿಯುವುದನ್ನೇ ಕಾಯುತ್ತಿದ್ದು ಫೋನು ಎದುರಿಗಿಟ್ಟೆ. ನನ್ನ ಬ್ಲೌಸಿನ ಅಳತೆಗೆಂದು ಬಂದಿದ್ದ ಪಕ್ಕದ ಮನೆಯಾಕೆಯೂ ಇದ್ದಳು. ಎಂಟು ಸಾವಿರದ ಸ್ವರ ಹಚ್ಚಿದೆ. ನಾವಿಬ್ಬರೂ ಮುಖ ಕಿವುಚಿದೆವು. ಅವರು ಚಹಾ ಕುಡಿಯುತ್ತಿದ್ದರು.

"ಈಗ ಹೇಳ್ರಿ, ಇದೂ ನನ್ನ ಕಿವ್ಯಾಗ ಐತೇನು?"

"ಹಚ್ಚು ಮೊದಲ. ಹಚ್ಚಿದ ಮ್ಯಾಲೆ ಹೇಳತೀನಿ."

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಆರು ಸಾವಿರಕ್ಕೆ ಇಳಿಸಿದೆ. ಪಕ್ಕದ ಮನೆಯಾಕೆ ಕಿವಿಗೆ ಸೆರಗು ಒತ್ತಿಕೊಂಡಳು. ಅವರು ನನ್ನ ಬೆರಳನ್ನೇ ನೋಡುತ್ತಿದ್ದರು, ಯಾವಾಗ ಹಚ್ಚುತ್ತಾಳೆ ಎಂದು. ನಾಲ್ಕು ಸಾವಿರ. ಕಿಟಕಿಯ ಮೇಲಿದ್ದ ಕಾಗೆ ಹಾರಿಹೋಯಿತು. ಅವರು ಕದಲಲಿಲ್ಲ. ನನ್ನ ನಾಲಿಗೆಯಲ್ಲಿ ಸಿದ್ಧವಾಗಿದ್ದ ಚುಚ್ಚುಮಾತುಗಳೆಲ್ಲ ಅಲ್ಲೇ ಒಣಗಿದವು. ಎರಡು ಸಾವಿರಕ್ಕೆ ಬಂದಾಗ ಅವರ ಮುಖ ಅರಳಿತು.

"ಹಾಂ, ಈಗ ಬಂತು ನೋಡು!"

ಪಕ್ಕದ ಮನೆಯಾಕೆ ನನ್ನ ಮುಖ ನೋಡಿದಳು. ಅಳತೆಯ ವಿಷಯ ಎತ್ತದೆ, "ಒಲಿ ಮ್ಯಾಲೆ ಹಾಲಿಟ್ಟೇನ್ರಿ ಅಕ್ಕಾರ," ಎಂದು ಹೊರಟುಹೋದಳು. ಹಾಲಿಟ್ಟಿರಲಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ನಾನು ಫೋನಿನ ಪರದೆಯನ್ನು ಅವರಿಗೆ ತೋರಿಸಿದೆ. ಎಲ್ಲಿಂದ ಶುರು ಮಾಡಿ ಎಲ್ಲಿಗೆ ಬಂದೆ ಎಂದು ಹೇಳಿದೆ. ಆಶ್ಚರ್ಯಪಡುತ್ತಾರೆ ಎಂದುಕೊಂಡಿದ್ದೆ. ಅವರು ಲೋಟ ಕೆಳಗಿಟ್ಟರು.

"ಗೊತ್ತೈತಿ ನನಗ," ಎಂದರು.

"ಏನು ಗೊತ್ತೈತಿ?"

"ಎರಡು ವರ್ಷದ ಹಿಂದ ಕಂಪನಿಯಾಗ ತಪಾಸಣಿ ಆಗಿತ್ತು. ಕಿವಿದು ಗ್ರಾಫ್ ತೆಗೆದು, ಸೇಫ್ಟಿ ಸಾಹೇಬ್ರಿಗೆ ತೋರಸು ಅಂತ ನನ್ನ ಕೈಯಾಗ ಕೊಟ್ಟಿದ್ರು. ಅದನ್ನ ಯಾರಿಗೂ ತೋರಸದ ಲಾಕರಿನ್ಯಾಗ ಇಟ್ಟೇನಿ."

"ನನಗ ಯಾಕ ಹೇಳಲಿಲ್ರಿ?"

"ಏನಂತ ಹೇಳ್ಲಿ? ಮಾತು ಹೊರಗ ಬಿದ್ರ ಮಷಿನ್ ಬಿಡಿಸಿ ಎಲ್ಲೆರ ಮೂಲ್ಯಾಗ ಕುಂದರಸ್ತಾರ ಅಂತ ಅಂಜಿಕಿ ಇತ್ತು. ಮತ್ತ ನೀ ಆ ಅಕ್ಕಿ ಕಥಿ ಹೇಳಿದಾಗ ಎಲ್ಲಾರೂ ನಕ್ರಲಾ. ಮರ್ತು ತಂದೆ ಅಂತ ತಿಳ್ಕೊಂಡ್ರ ಚಲೋನ ಆತು ಅಂತ ನಾನೂ ನಕ್ಕೆ."

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು, ನಾನೂ ಸಿಟ್ಟಾಗಬಹುದಿತ್ತು. ಅಪರಿಚಿತ ಭಾಷಣಕಾರರ ಉಸಿರಿನ ಏರಿಳಿತವನ್ನೆಲ್ಲ ಗುರುತು ಹಿಡಿಯುವ ಮಹಾ ಕಿವಿ ನನ್ನದು. ಒಂದೇ ಮನೆಯಲ್ಲಿದ್ದ ಮನುಷ್ಯ ಎರಡು ವರ್ಷದಿಂದ ನನ್ನ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಿದ್ದುದು ಅದಕ್ಕೆ ಗೊತ್ತಾಗಿರಲಿಲ್ಲ. ಅಡುಗೆಮನೆಯಿಂದ ಬೆನ್ನು ತಿರುಗಿಸಿ ಹೇಳಿದ ಮಾತುಗಳಿಗೆ ಉತ್ತರ ಬರದಾಗ, ಗೋಡೆಗೆ ಹೇಳಿದರೂ ನಡೆಯುತ್ತದೆ ಎಂದು ಎಷ್ಟು ಸಲ ಗೊಣಗಿದ್ದೇನೆ! ಆ ಗೊಣಗಾಟ ಅವರಿಗೆ ಕೇಳಿಸಿರಲಾರದು ಎಂಬುದೊಂದೇ ಸಮಾಧಾನ.

ಮುಂದಿನ ವಾರ ಕಿವಿಯ ಡಾಕ್ಟರರ ಬಳಿ ಹೋದೆವು. ಗಾಜಿನ ಕೋಣೆಯಲ್ಲಿ ಹೆಡ್‌ಫೋನು ಹಾಕಿ ಕೂತ ಅವರು, ಸದ್ದು ಕೇಳಿದಾಗ ಕೈ ಎತ್ತಬೇಕಿತ್ತು. ಹೊರಗಿನಿಂದ ನೋಡುತ್ತಿದ್ದೆ. ಬಹಳ ಹೊತ್ತು ಕೈ ತೊಡೆಯ ಮೇಲೇ ಇರುತ್ತಿತ್ತು. ಡಾಕ್ಟರು ಹೇಳಿದ್ದು ಇಷ್ಟು: ವರ್ಷಗಟ್ಟಲೆ ಮಷಿನ್ ಸದ್ದಿನಲ್ಲಿ ನಿಂತವರಿಗೆ ಮೊದಲು ಹೋಗುವುದು ಎತ್ತರದ ಸ್ವರಗಳು. ಸ, ಶ, ಚ ಇಂಥ ಅಕ್ಷರಗಳು ಅದರ ಹಿಂದೆಯೇ ಜಾರುತ್ತವೆ. ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಬಹುದು. ಕಿವಿಗೆ ಯಂತ್ರ ಹಾಕಿಕೊಳ್ಳಬಹುದು.

"ಕಂಪನಿಯಲ್ಲಿ ಕಿವಿಗೆ ಹಾಕಲು ಪ್ಲಗ್ಗು ಕೊಡುವುದಿಲ್ಲವೇ?" ಎಂದು ಡಾಕ್ಟರು ಕೇಳಿದರು.

"ಕೊಡ್ತಾರ್ರಿ ಸರ್," ಎಂದರು ಇವರು, ಬಹಳ ಪ್ರಾಮಾಣಿಕರಾಗಿ. "ಸೂಪರ್‌ವೈಸರ್ ಆದಾವ ಹಾಕ್ಕೊಂಡ್ರ ಚಂದ ಕಾಣಂಗಿಲ್ಲ ಅಂತ ಕಿಸೆದಾಗ ಇಟ್ಕೊಂಡಿದ್ದೆ."

ಆಮೇಲೆ ಅವರೇ ಹೋಗಿ ಸೇಫ್ಟಿ ಅಧಿಕಾರಿಗೆ ಆ ಗ್ರಾಫು ತೋರಿಸಿದರು. ಯಾರೂ ಮೂಲೆಗೆ ಕೂರಿಸಲಿಲ್ಲ. ಮಷಿನ್ ವಿಭಾಗದಿಂದ ತೆಗೆದು, ಹೊಸಬರಿಗೆ ತರಬೇತಿ ಕೊಡುವ ಕೆಲಸಕ್ಕೆ ಹಾಕಿದರು. ಅದು ಬಡ್ತಿಯೋ ಹಿಂಬಡ್ತಿಯೋ ಎಂದು ಒಂದು ತಿಂಗಳು ತಲೆ ಕೆಡಿಸಿಕೊಂಡರು. ನಾನು ಎದುರು ನಿಂತು, ಮುಖ ಕೊಟ್ಟು, ನಿಧಾನವಾಗಿ ಮಾತಾಡಲು ಕಲಿತೆ. ಇದರ ತೊಂದರೆಯೇನೆಂದರೆ ಎದುರು ನಿಂತು ನಿಧಾನವಾಗಿ ಜಗಳವಾಡಲು ಬರುವುದಿಲ್ಲ. ಎರಡು ವಾಕ್ಯಕ್ಕೇ ನಗು ಬರುತ್ತದೆ.

ಈಗ ಪ್ಲಗ್ಗು ಹಾಕದೆ ಮಷಿನಿನ ಹತ್ತಿರ ಹೋಗುವವರನ್ನು ಇವರು ಬಾಗಿಲಲ್ಲೇ ತಡೆದು ನಿಲ್ಲಿಸುತ್ತಾರಂತೆ. ತಮ್ಮ ಗ್ರಾಫಿನ ನಕಲನ್ನು ಜೇಬಿನಲ್ಲೇ ಇಟ್ಟುಕೊಂಡು ಎಲ್ಲರಿಗೂ ತೋರಿಸುತ್ತಾರಂತೆ. ಕೆಲಸಗಾರರು ಇವರಿಗೆ ಕಿವಿ ಮಾಸ್ತರ ಎಂದು ಹೆಸರಿಟ್ಟಿದ್ದಾರೆ. ಇದನ್ನು ಹೇಳುವಾಗ ದೊಡ್ಡ ಅವಮಾನವಾದವರಂತೆ ಮುಖ ಮಾಡುತ್ತಾರೆ. ಆದರೆ ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ.